ನಾಳೆ ಬೆಳಿಗ್ಗೆ ಏನು ಮಾಡ್ತೀರಿ?

ಸೂಜಿ ಚುಚ್ಚುವುದರಲ್ಲಿ ಅಕ್ಕನದು ಎತ್ತಿದ ಕೈ. ಇಪ್ಪತ್ತು ವರ್ಷ ಆರೋಗ್ಯ ಕೇಂದ್ರದ ಇಂಜೆಕ್ಷನ್ ಕೋಣೆಯಲ್ಲಿ ನಿಂತ ನರ್ಸು ಅವಳು. ಹಾಲುಗಲ್ಲದ ಕೂಸಿರಲಿ, ಹಲ್ಲುದುರಿದ ಮುದುಕರಿರಲಿ, ಒಂದು ಕೈಯಲ್ಲಿ ಹತ್ತಿ, ಇನ್ನೊಂದರಲ್ಲಿ ಸಿರಿಂಜು, ಬಾಯಲ್ಲಿ "ಏನಾಗಲ್ಲ, ಏನಾಗಲ್ಲ, ಇರುವೆ ಕಚ್ಚಿದಂಗೆ" ಅನ್ನುವಷ್ಟರಲ್ಲಿ ಕೆಲಸ ಮುಗಿದಿರುತ್ತಿತ್ತು. ಅತ್ತವರಿಗೂ ಅದೇ ಮಾತು, ಅಳದವರಿಗೂ ಅದೇ ಮಾತು. ಮನೆಯಲ್ಲಿ ಹಾಲು ಉಕ್ಕಿದರೂ ಅಮ್ಮ ಒಲೆಗೆ "ಏನಾಗಲ್ಲ" ಅಂತಾಳೆ ಎಂದು ಮಗಳು ಆಡಿಕೊಳ್ಳುತ್ತಿದ್ದಳು.

ಅಂಥ ಗಟ್ಟಿಗಿತ್ತಿ ನಲವತ್ತಾರನೆಯ ವಯಸ್ಸಿನಲ್ಲಿ ಹೊಸ ತರಬೇತಿಗೆ ಸೇರಿ, ಒಂದೇ ಒಂದು ಪ್ರಶ್ನೆ ಕೇಳಲಾರದೆ ಒದ್ದಾಡುತ್ತಿದ್ದಳು ಅಂದರೆ ನಂಬುತ್ತೀರಾ? ನಂಬಲೇಬೇಕು.

ತರಬೇತಿ ಯಾವುದಕ್ಕೆ ಅಂತ ಮೊದಲು ಹೇಳಿಬಿಡುತ್ತೇನೆ. ತಲೆನೋವು ಅಂತ, ಎದೆ ಹಿಡಿದುಕೊಂಡಂಗಾಗುತ್ತೆ ಅಂತ, ನಿದ್ದೆ ಬರಲ್ಲ ಅಂತ ಡಾಕ್ಟರ ಮುಂದೆ ಕೂರುವವರಲ್ಲಿ ಎಷ್ಟೋ ಜನರ ನೋವು ಮನಸ್ಸಿನದು. ಅವರಿಗೆ ಚೀಟಿ ಬರೆದು ದೂರದ ದೊಡ್ಡಾಸ್ಪತ್ರೆಗೆ ಹೋಗಿ ಅಂದರೆ ಅರ್ಧಕ್ಕರ್ಧ ಜನ ಹೋಗುವುದೇ ಇಲ್ಲ. ಚೀಟಿ ಜೇಬಿನಲ್ಲೇ ಒಗೆತಕ್ಕೆ ಬಿದ್ದು ಮುದ್ದೆಯಾಗುತ್ತದೆ. ಆದ್ದರಿಂದ ಡಾಕ್ಟರ ಪಕ್ಕದ ಕೋಣೆಯಲ್ಲೇ ಮಾತು ಕೇಳಿಸಿಕೊಳ್ಳುವವರೊಬ್ಬರು ಇರಬೇಕು ಅಂತ ಹೊಸ ಏರ್ಪಾಡು. ಅಂಥವರನ್ನು ತಯಾರು ಮಾಡುವ ತರಗತಿ ಕೇಂದ್ರದ ಎರಡನೆಯ ಮಹಡಿಯಲ್ಲೇ ನಡೆಯುತ್ತಿತ್ತು. ಕಲಿಯುವವರಲ್ಲಿ ಇವಳೇ ಹಿರಿಯಳು, ಹಾಗಾಗಿ ಎಲ್ಲರಿಗೂ ಅಕ್ಕ.

ಕಲಿಸುವ ಮೇಡಂ ಕಡ್ಡಿಯಂಥ ಹೆಂಗಸು, ಮಾತು ಮಾತ್ರ ಖಡಾಖಂಡಿತ. ಮೊದಲ ದಿನವೇ ಹೇಳಿದ್ದರು: "ರೋಗಿ ಕುಗ್ಗಿಹೋಗಿದ್ದಾರೆ ಅನ್ನಿಸಿದ್ರೆ, ನೇರವಾಗಿ ಕೇಳಿ. ಸಾಯಬೇಕು ಅನ್ನಿಸ್ತಾ ಇದೆಯಾ ಅಂತ. ಕೇಳೋದ್ರಿಂದ ಆ ಯೋಚನೆ ಹೊಸದಾಗಿ ಹುಟ್ಟಲ್ಲ. ಇದ್ರೆ ಹೊರಗೆ ಬರುತ್ತೆ. ಬಂದ್ಮೇಲೆ ಚೀಟಿ ಕೊಟ್ಟು ಕಳಿಸೋದಲ್ಲ, ಜೊತೆಗೆ ನಡ್ಕೊಂಡು ಹೋಗಿ ಡಾಕ್ಟರ ಕೈಗೆ ಒಪ್ಪಿಸಿ."

ಹೇಳುವುದೇನೋ ಸುಲಭ. ಅಕ್ಕ ಬೆಳೆದದ್ದು ಅವಳ ಅಮ್ಮನ ಕೈಯಲ್ಲಿ. ಸಾವಿನ ಮಾತು ಯಾರ ಬಾಯಿಂದ ಜಾರಿದರೂ ಆ ಮುದುಕಿ ತಟ್ಟನೆ "ಬಿಡ್ತು ಅನ್ನು!" ಅನ್ನುವಳು. ಬಿಡ್ತು ಅನ್ನುವವರೆಗೆ ಬಿಡುವವಳಲ್ಲ. ಹೀಗಾಗಿ ಆ ಪ್ರಶ್ನೆ ಅಕ್ಕನ ಗಂಟಲಿಗೆ ಬಂದರೆ ಸಾಕು, ಹಿಂದೆಯೇ "ಬಿಡ್ತು" ಕೂಡ ಓಡಿಬಂದು ಎರಡೂ ಬಾಗಿಲಲ್ಲಿ ಸಿಕ್ಕಿಹಾಕಿಕೊಳ್ಳುತ್ತಿದ್ದವು. ಅಭ್ಯಾಸಕ್ಕೆ ಅಂತ ಒಂದು ಸಂಜೆ ಅಮ್ಮನನ್ನೇ ಎದುರು ಕೂರಿಸಿಕೊಂಡಳು.

"ಅಮ್ಮ, ನಿನಗೆ ಯಾವತ್ತಾದ್ರೂ ಸಾಯಬೇಕು ಅಂತ..."

"ಬಿಡ್ತು ಅನ್ನೇ! ನಿನ್ನ ಕೋರ್ಸಿಗಿಷ್ಟು ಬೆಂಕಿ ಹಾಕ. ಹೆತ್ತ ತಾಯಿಗೆ ಕೇಳೋ ಮಾತೇನೇ ಇದು?"

"ಬಿಡ್ತು," ಅಂದಳು ಅಕ್ಕ. ಅಲ್ಲಿಗೆ ಆ ಅಭ್ಯಾಸ ಮುಗಿಯಿತು. ಮಗಳು ಗೋಡೆಗೊರಗಿ ನಕ್ಕೂ ನಕ್ಕೂ ಬಿಕ್ಕಳಿಸಿದಳು.

ತರಗತಿಯಲ್ಲಿ ಅಭ್ಯಾಸಕ್ಕೆ ಬೇರೆಯೇ ವ್ಯವಸ್ಥೆ ಇತ್ತು. ನಾಟಕದವನೊಬ್ಬನನ್ನು ಗೊತ್ತುಮಾಡಿದ್ದರು. ಇವತ್ತು ಗಂಡ ಬಿಟ್ಟುಹೋದವಳ ಅಪ್ಪ, ನಾಳೆ ಕೆಲಸ ಕಳಕೊಂಡ ಡ್ರೈವರು, ಹೀಗೆ ಮೇಡಂ ಹೇಳಿದ ರೋಗಿಯಾಗಿ ಅವನು ಕೂರುವನು. ಕಲಿಯುವವರು ಎದುರು ಕೂತು ಮಾತಾಡಿಸಬೇಕು. ಊರೂರು ಸುತ್ತಿದ ಕಂಪನಿ ಮುಚ್ಚಿಹೋದ ಮೇಲೆ ಇದೇ ಅವನ ರಂಗಸ್ಥಳ. ಎಲ್ಲರೂ ಅವನನ್ನು ನಾಟಕದಣ್ಣ ಅನ್ನುತ್ತಿದ್ದರು. ಅವನೋ ಅಕ್ಕನಿಗಿಂತ ಹತ್ತು ವರ್ಷ ದೊಡ್ಡವನು, ಆದರೂ ಅವಳನ್ನು ಅಕ್ಕ ಅಂತಲೇ ಕರೆಯುವನು. ಅಣ್ಣನಿಗೆ ಅಕ್ಕ, ಅಕ್ಕನಿಗೆ ಅಣ್ಣ, ಇದ್ಯಾವ ಸಂಬಂಧವಪ್ಪಾ ಅಂತ ಚಿಕ್ಕವರು ನಗುತ್ತಿದ್ದರು.

ಆಟ ಮುಗಿದ ಮೇಲೆ ಒಂದು ಕಟ್ಟಳೆ ಇತ್ತು. ರೋಗಿಯ ಮರದ ಕುರ್ಚಿಯಿಂದ ನಾಟಕದಣ್ಣ ಎದ್ದು ಕಿಟಕಿಯ ಹತ್ತಿರದ ನೀಲಿ ಕುರ್ಚಿಯಲ್ಲಿ ಕೂರಬೇಕು. ಎದುರಿದ್ದವರು ಕೇಳಬೇಕು, "ನಾಳೆ ಬೆಳಿಗ್ಗೆ ಏನು ಮಾಡ್ತೀರಿ?" ಅವನು ತನ್ನದೇ ಬದುಕಿನ ಯಾವುದಾದರೂ ಕೆಲಸ ಹೇಳಬೇಕು. ಇದಕ್ಕೆ ಪಾತ್ರ ಇಳಿಸುವುದು ಅಂತ ಹೆಸರು. ಇಳಿಸದಿದ್ದರೆ ಹಾಕಿಕೊಂಡ ದುಃಖ ಮೈಗಂಟಿಕೊಂಡೇ ಮನೆಗೆ ಬರುತ್ತದಂತೆ. ನಾಟಕದಣ್ಣನ ಉತ್ತರಕ್ಕೆ ಎಲ್ಲರೂ ಕಾಯುತ್ತಿದ್ದರು. "ನಾಳೆ ಬೆಳಿಗ್ಗೆನಾ? ಪಕ್ಕದ ಮನೆ ನಾಯಿಗೆ ಬೈಬೇಕು, ಇವತ್ತು ಬಿಟ್ಟುಹೋಗಿತ್ತು." ಇನ್ನೊಂದು ದಿನ, "ಚಪ್ಪಲಿ ಹೊಲಿಸ್ಬೇಕು. ಒಂದು ಕಾಲು ಮುಂದೆ ಹೋದ್ರೂ ಚಪ್ಪಲಿ ಹಿಂದೇನೇ ಉಳಿಯುತ್ತೆ." ಕೋಣೆ ಹಗುರವಾಗಿ ಎಲ್ಲರೂ ಮನೆಗೆ ಹೋಗುತ್ತಿದ್ದರು.

ಪರೀಕ್ಷೆಯ ದಿನ ಬಂತು. ಅಕ್ಕನ ಸರದಿ ಕಟ್ಟಕಡೆಯದು. ಬೆಳಿಗ್ಗೆಯಿಂದ ಬಾಟಲಿಯ ನೀರು ಕುಡಿದು ಕುಡಿದು ಖಾಲಿ ಮಾಡಿದ್ದಳು. ಮೇಡಂ ಮೂಲೆಯಲ್ಲಿ ಕೂತರು. ಮರದ ಕುರ್ಚಿಯಲ್ಲಿ ನಾಟಕದಣ್ಣ. ಅವತ್ತಿನ ಪಾತ್ರ, ತಲೆನೋವು ಬಿಡದ ಒಬ್ಬ ಅಂಗಡಿಯವನು.

"ನಿದ್ದೆ ಹೇಗಿದೆ?" ಅಂತ ಕೇಳಿದಳು ಅಕ್ಕ.

"ನಿದ್ದೆ ಬೇರೆಯವರ ಮನೆಗೆ ಹೋಗುತ್ತೆ ಸಿಸ್ಟರ್. ನಮ್ಮನೆ ದಾರಿ ಮರೆತುಬಿಟ್ಟಿದೆ."

"ಊಟ?"

"ಮಾಡ್ತೀನಿ. ಮಣ್ಣು ತಿಂದಂಗಿರುತ್ತೆ." ಸ್ವಲ್ಪ ತಡೆದು ಅಂದ: "ಸಾಮಾನೆಲ್ಲ ಅವರಿಗಿವರಿಗೆ ಕೊಟ್ಟುಬಿಟ್ಟೆ. ಈಗ ಮೈ ಹಗುರ ಆಗಿದೆ."

ಕೇಳು, ಈಗ ಕೇಳು ಅಂತ ಅಕ್ಕನ ತಲೆಯೊಳಗೆ ಯಾರೋ ಕೂಗುತ್ತಿದ್ದರು. ಮೇಡಂ ಪೆನ್ನಿನ ಸದ್ದು ಬೇರೆ ಕೇಳುತ್ತಿತ್ತು.

"ಅಂದ್ರೆ... ನಿಮಗೆ... ಬೇರೆ ಥರದ ಯೋಚನೆ... ಅಂಥದ್ದೇನೂ ಇಲ್ಲ ಅಲ್ವಾ?"

ನಾಟಕದಣ್ಣ ಅವಳ ಮುಖವನ್ನು ಸ್ವಲ್ಪ ಹೆಚ್ಚೇ ಹೊತ್ತು ನೋಡಿದ. "ಇಲ್ಲ ಬಿಡಿ ಸಿಸ್ಟರ್," ಅಂದ.

"ಹಾಂ, ಏನಾಗಲ್ಲ ಬಿಡಿ," ಅಂದಳು ಅಕ್ಕ. ಮೇಡಂ ಪೆನ್ನಿನ ಮುಚ್ಚಳ ಹಾಕಿದರು.

"ಅಡ್ಡಗೋಡೆ ಮೇಲೆ ದೀಪ ಇಟ್ಟಂಗೆ ಕೇಳಿದ್ರಿ," ಅಂದರು. "ಅವರು ಬಾಯಿ ತೆರೆಯೋ ಮುಂಚೆ ಇಲ್ಲ ಅನ್ನೋ ಉತ್ತರಾನೂ ನೀವೇ ಹೇಳಿಕೊಟ್ರಿ. ಮುಳುಗ್ತಾ ಇರೋನಿಗೆ, ನಿಮಗೆ ಈಜು ಬರುತ್ತೆ ಅಲ್ವಾ ಅಂದಂಗೆ. ಸಾಮಾನು ಹಂಚಿಬಿಟ್ಟೆ ಅಂತ ಅಷ್ಟು ದೊಡ್ಡ ಸುಳಿವು ಕೊಟ್ರಲ್ಲ!" ಆಮೇಲೆ ನಾಟಕದಣ್ಣನ ಕಡೆ ತಿರುಗಿದರು. "ಅದು ನಾನು ಹೇಳಿಕೊಟ್ಟಿದ್ದಲ್ಲ, ನೀವೇ ಸೇರಿಸಿದ್ದು. ಭಲೇ ಅಣ್ಣ."

ಅವನು ತಲೆ ಬಾಗಿಸಿದ, ರಂಗದ ಮೇಲೆ ಚಪ್ಪಾಳೆಗೆ ಬಾಗಿಸುವ ಹಾಗೆ.

"ನಾಳೆ ಇನ್ನೊಂದು ಅವಕಾಶ ಇದೆ ಅಕ್ಕ. ಅದೇ ಕೊನೇದು. ನಿಯಮ ನೆನಪಿದೆ ತಾನೇ? ಪರೀಕ್ಷೆ ಮುಗಿಯೋವರೆಗೂ ಇವರ ಹತ್ರ ಮಾತಿಲ್ಲ, ಕತೆಯಿಲ್ಲ. ಹೋದ ಸಲ ಒಬ್ಬಳು ಇವರನ್ನ ಕ್ಯಾಂಟೀನಿಗೆ ಕರ್ಕೊಂಡು ಹೋಗಿ ಪಾತ್ರ ಕೇಳಿಕೊಂಡಳು ಅಂತ ಅವಳನ್ನ ಹೊರಗೇ ಹಾಕ್ಬೇಕಾಯ್ತು." ಇಷ್ಟು ಹೇಳಿ ಮೇಡಂ ಕಾಗದಗಳನ್ನು ಎತ್ತಿಕೊಂಡು ಹೊರಟರು.

ನಪಾಸು! ಮನೆಯಲ್ಲಿ ಅಮ್ಮ ಏನನ್ನುತ್ತಾಳೆ, ನಾಳೆಯೂ ನಾಲಿಗೆ ಹೀಗೇ ಕೈಕೊಟ್ಟರೆ ಮತ್ತೆ ಅದೇ ಇಂಜೆಕ್ಷನ್ ಕೋಣೆ, ಅದೇ ಹತ್ತಿ, ಕಿರಿಯ ಹುಡುಗಿಯರ ಮುಂದೆ ಮುಖ ಎಲ್ಲಿಡುವುದು? ಇದೇ ಗುಂಗಿನಲ್ಲಿ ಬ್ಯಾಗಿಗೆ ನೀರಿನ ಬಾಟಲಿ ತುರುಕುತ್ತಾ, ಕಟ್ಟಳೆ ಅಂತ ಕೇಳಿದಳು. "ನಾಳೆ ಬೆಳಿಗ್ಗೆ ಏನು ಮಾಡ್ತೀರಿ ಅಣ್ಣ?"

"ನಾಳೆನಾ... ನೋಡೋಣ," ಅಂದ ಅವನು.

ಅವಳು ಬಾಗಿಲು ದಾಟುವಾಗ ತಾನು ಕೂತಲ್ಲಿಗೇ ವಾಪಸು ಕರೆದು, ಬಟ್ಟೆಯಲ್ಲಿ ಸುತ್ತಿದ್ದ ಏನನ್ನೋ ಕೈಗಿಟ್ಟ. ನಿಯಮ ಮುರಿದವನು ಮೊದಲು ಅವನೇ. "ಕನ್ನಡಿ ಅಕ್ಕ. ಇದರ ಮುಂದೆ ಕೂತು ಪ್ರಶ್ನೆ ಅಭ್ಯಾಸ ಮಾಡಿ. ಇಟ್ಕೊಳ್ಳಿ, ನನಗ್ಯಾಕೆ." ಅಕ್ಕ ಕಣ್ಣೊರೆಸಿಕೊಂಡು, ತಲೆಯಾಡಿಸಿ, ಮೆಟ್ಟಿಲಿಳಿದಳು.

ಬಸ್ ಸ್ಟಾಪಿನಲ್ಲಿ ಸಂಜೆಯ ಗಲಾಟೆ. ಬೆಂಚಿನ ತುದಿಯಲ್ಲಿ ಕೂತು ಕನ್ನಡಿ ಬಿಚ್ಚಿದಳು. ಅಂಗೈಗಿಂತ ಸ್ವಲ್ಪ ದೊಡ್ಡದು, ಹಿತ್ತಾಳೆಯ ಕಟ್ಟು, ಅಂಚಿನಲ್ಲಿ ಇನ್ನೂ ಬಣ್ಣದ ಕಲೆ. ಕನ್ನಡಿಯೊಳಗಿನ ಅತ್ತ ಮುಖಕ್ಕೆ ಪಿಸುಗುಟ್ಟಿದಳು. "ನಿಮಗೆ ಸಾಯಬೇಕು ಅನ್ನಿಸ್ತಾ... ಬಿಡ್ತು." ಪಕ್ಕದಲ್ಲಿ ಕೂತಿದ್ದವರು ಮೆಲ್ಲಗೆ ಎದ್ದು ದೂರ ಹೋದರು. ಮತ್ತೊಮ್ಮೆ ನೋಡೋಣ ಅಂತ ಕನ್ನಡಿಯ ಕಲೆ ಒರೆಸತೊಡಗಿದಳು.

ಒರೆಸುತ್ತಿದ್ದ ಬೆರಳು ಹಾಗೇ ನಿಂತುಬಿಟ್ಟಿತು. ಈ ಕನ್ನಡಿಯ ಕತೆಯನ್ನು ಅವನು ತರಗತಿಗೆಲ್ಲ ಹೇಳಿದ್ದ. ಮೊದಲ ಸಲ ಮುಖಕ್ಕೆ ಬಣ್ಣ ಹಚ್ಚಿಕೊಂಡದ್ದು ಇದರಲ್ಲೇ. ಒಡಹುಟ್ಟಿದ ತಮ್ಮ ತನ್ನ ಮದುವೆಯ ದಿನ ಮುಖ ನೋಡಿಕೊಳ್ಳಲು ಕೇಳಿದರೂ ಕೊಟ್ಟಿರಲಿಲ್ಲವಂತೆ. "ಹೆಂಡ್ತಿ ಬೇರೆ ಹುಡುಕ್ಕೋಬಹುದು, ಕನ್ನಡಿ ಸಿಗಲ್ಲ ಅಂದಿದ್ದೆ" ಅಂತ ಹೇಳಿ ನಗಿಸಿದ್ದ.

ಸಾಮಾನೆಲ್ಲ ಅವರಿಗಿವರಿಗೆ ಕೊಟ್ಟುಬಿಟ್ಟೆ. ಈಗ ಮೈ ಹಗುರ ಆಗಿದೆ. ಅದು ನಾನು ಹೇಳಿಕೊಟ್ಟಿದ್ದಲ್ಲ ಅಂದಿದ್ದರು ಮೇಡಂ. ಅಯ್ಯೋ, ಹಾಗಾದರೆ ಅದನ್ನು ಹೇಳಿದವರು ಯಾರು? ಅಂಗಡಿಯವನೋ, ಅಣ್ಣನೋ? ನಾಳೆ ಬೆಳಿಗ್ಗೆ ಅಂದರೆ ನೋಡೋಣ ಅಂದನಲ್ಲ! ನೀಲಿ ಕುರ್ಚಿಗೆ ಹೋಗಿ ಕೂತನೇ? ಅಕ್ಕ ಎಷ್ಟು ನೆನೆದರೂ ಅವನು ಕುರ್ಚಿ ಬದಲಿಸಿದ್ದು ಕಣ್ಣಿಗೆ ಬರಲಿಲ್ಲ. ತನ್ನ ನಪಾಸಿನ ಚಿಂತೆಯಲ್ಲಿ ಅವಳು ಅವನ ಕಡೆ ನೋಡಿಯೇ ಇರಲಿಲ್ಲ.

ಮೇಡಂಗೆ ಫೋನು ಮಾಡಿದಳು. ಬಡಿದುಕೊಂಡು ಬಡಿದುಕೊಂಡು ನಿಂತಿತು. ಬಸ್ಸು ಬಂತು, ಬಾಗಿಲು ತೆರೆಯಿತು. ಸುಮ್ಮನೆ ಹತ್ತಿಬಿಡಲೇ? ಇದೆಲ್ಲ ತನ್ನ ಭ್ರಮೆಯಾಗಿದ್ದರೆ? ವಾಪಸು ಹೋಗಿ ಅವನ ಜೊತೆ ಮಾತಾಡುವುದನ್ನು ಯಾರಾದರೂ ಕಂಡರೆ ನಾಳೆಯ ಅವಕಾಶವೂ ನೀರುಪಾಲು, ಪಾತ್ರ ಕೇಳಿಕೊಳ್ಳಲು ಬಂದಳು ಅಂತಲೇ ಅನ್ನುತ್ತಾರೆ. ಭ್ರಮೆಯಲ್ಲದಿದ್ದರೆ? "ಹತ್ತೋದಾದ್ರೆ ಹತ್ತಿ" ಅಂದ ಕಂಡಕ್ಟರು. ಅಕ್ಕ ಬ್ಯಾಗು ಎದೆಗವಚಿಕೊಂಡು ಬಂದ ದಾರಿಯಲ್ಲೇ ಓಡಿದಳು. ಓಡಿ ಎಷ್ಟು ವರ್ಷವಾಗಿತ್ತೋ, ಸೊಂಟ ಬೈಯುತ್ತಿತ್ತು.

ಕೇಂದ್ರದಲ್ಲಿ ಡಾಕ್ಟರ ಕೋಣೆಯ ಮುಂದೆ ಕೆಲವರು ಇನ್ನೂ ಕಾಯುತ್ತಿದ್ದರು. "ನಾಟಕದಣ್ಣ ಹೋದ್ರಾ?" ಅಂತ ಕಾವಲುಗಾರನನ್ನು ಕೇಳಿದಳು. "ನಾನು ನೋಡ್ಲಿಲ್ಲಪ್ಪ" ಅಂದ ಅವನು. ಮುಖ ತೊಳೆಯುವ ಜಾಗದಲ್ಲಿ ಇಲ್ಲ. ಕ್ಯಾಂಟೀನಿನಲ್ಲಿ ಇಲ್ಲ. ಹಿಂದಿನ ಗೇಟಿಗೆ ಆಗಲೇ ಬೀಗ ಬಿದ್ದಿತ್ತು. ಅಕ್ಕನ ಬಾಯಿ ಪಟಪಟನೆ "ಏನಾಗಲ್ಲ, ಏನಾಗಲ್ಲ" ಅನ್ನುತ್ತಿತ್ತು, ಈ ಸಲ ತನಗೇ. ಎರಡೆರಡು ಮೆಟ್ಟಿಲು ಹತ್ತಿ ಮೇಲೆ ಬಂದಳು.

ತರಗತಿಯ ದೀಪ ಆರಿತ್ತು. ಬಾಗಿಲು ತಳ್ಳಿದಳು. ಅದೇ ಮರದ ಕುರ್ಚಿಯಲ್ಲಿ, ಅವಳು ಬಿಟ್ಟುಹೋದ ಹಾಗೆಯೇ, ನಾಟಕದಣ್ಣ ಕೂತಿದ್ದ. ನೀಲಿ ಕುರ್ಚಿ ಕಿಟಕಿಯ ಬಳಿ ಖಾಲಿ ಇತ್ತು.

"ಪರೀಕ್ಷೆ ನಾಳೆ ಅಕ್ಕ. ನಿಯಮ ಇದೆ, ಹೋಗಿ," ಅಂದ.

ಅಕ್ಕ ಏದುಸಿರು ಬಿಡುತ್ತಾ ಎದುರು ಕುರ್ಚಿ ಎಳೆದುಕೊಂಡು ಕೂತಳು. "ಈ ಕನ್ನಡಿ ನನಗ್ಯಾಕೆ ಕೊಟ್ರಿ?"

"ಹೇಳಿದ್ನಲ್ಲ, ಅಭ್ಯಾಸಕ್ಕೆ."

"ತಮ್ಮನ ಮದುವೆಗೂ ಕೊಡದೆ ಇದ್ದಿದ್ದು?"

ಅವನು ನಕ್ಕ, ದೊಡ್ಡ ರಂಗದ ನಗು. ಖಾಲಿ ಕೋಣೆಯಲ್ಲಿ ಅದು ಚೂರೂ ಚೆನ್ನಾಗಿ ಕೇಳಲಿಲ್ಲ. "ನಾನು ನಟ ಅಕ್ಕ. ನಟನ ಮಾತು ನಂಬ್ತಾರಾ?"

"ಏನಾಗಲ್ಲ" ಅನ್ನುವುದು ಅಕ್ಕನ ಹಲ್ಲಿನ ತನಕ ಬಂತು. ನುಂಗಿದಳು. "ಇಲ್ಲ ಅಲ್ವಾ" ಅನ್ನುವುದು ಬಂತು. ಅದನ್ನೂ ನುಂಗಿದಳು. ಅವನು ಹೌದು ಅಂದುಬಿಟ್ಟರೆ ತಾನೇನು ಮಾಡಬೇಕು? ಇಷ್ಟು ದಿನ ತನ್ನನ್ನು ಹೆದರಿಸಿದ್ದು ಪ್ರಶ್ನೆಯಲ್ಲ, ಆ ಉತ್ತರ ಅಂತ ಅವಳಿಗೆ ಹೊಳೆದದ್ದು ಆಗಲೇ.

"ಅಣ್ಣ, ನಿಮಗೆ ಸಾಯಬೇಕು ಅನ್ನಿಸ್ತಾ ಇದೆಯಾ?"

ಬಿಡ್ತು ಅನ್ನಲಿಲ್ಲ. ಕೆಳಗೆ ರಸ್ತೆಯಲ್ಲಿ ಯಾವುದೋ ಗಾಡಿ ಹಾರನ್ನು ಹೊಡೆದು ಹೊಡೆದು ಸುಮ್ಮನಾಯಿತು.

"ಭಲೇ," ಅಂದ ನಾಟಕದಣ್ಣ. "ಈಗ ಪಾಸು ನೀವು."

"ನಾನು ಪಾಸಾಗೋಕೆ ಕೇಳ್ಲಿಲ್ಲ ಅಣ್ಣ."

ಮತ್ತೇನೂ ಅನ್ನದೆ ಕಾದಳು. ಸೂಜಿ ಹಿಡಿದವಳಿಗೆ ಕಾಯುವುದು ಗೊತ್ತಿಲ್ಲ, ಆದರೂ ಕಾದಳು. ಅವನ ಮುಖದಿಂದ ಒಂದೊಂದೇ ಪಾತ್ರ ಇಳಿಯುತ್ತಾ ಬಂದು, ಕೊನೆಗೆ ಅವಳು ಯಾವತ್ತೂ ನೋಡಿರದ ಒಂದು ಸೋತ ಮುಖ ಉಳಿಯಿತು.

"ಹೂಂ," ಅಂದ ಅವನು. "ಅನ್ನಿಸ್ತಾ ಇದೆ. ತುಂಬ ದಿನದಿಂದ."

ಅಕ್ಕ ಅವನ ಕೈ ಹಿಡಿದಳು.

"ಯಾಕೆ ಅಂತ ಕೇಳ್ಬೇಡಿ ಅಕ್ಕ. ಕಾರಣ ಅಂತ ಒಂದಿದ್ದಿದ್ರೆ ಅದನ್ನ ಬೈಕೊಂಡಾದ್ರೂ ಇರ್ತಿದ್ದೆ. ನಿದ್ದೆ ಹೋಯ್ತು, ರುಚಿ ಹೋಯ್ತು, ಆಮೇಲೆ ನಾನೇ ಎಲ್ಲೋ ಹೋದೆ. ಈ ಕುರ್ಚಿಲಿ ಕೂತು ವಾರವಾರ ನಿಜಾನೇ ಹೇಳ್ತಿದ್ದೆ. ಎಲ್ಲರೂ ಭಲೇ ಅಂದ್ರು."

"ಇವತ್ತು ಏನಾದ್ರೂ ಮಾಡ್ಕೋಬೇಕು ಅಂತ ಇದ್ರಾ?"

"ಗೊತ್ತಿಲ್ಲ. ಇಲ್ಲಿಂದ ಎದ್ರೆ ಎಲ್ಲಿಗೆ ಹೋಗಿಬಿಡ್ತೀನೋ ಅಂತ ಹೆದ್ರಿಕೆ ಆಯ್ತು. ಅದಕ್ಕೆ ಏಳ್ಲೇ ಇಲ್ಲ."

ಅಕ್ಕನ ಕಣ್ಣಲ್ಲಿ ನೀರು ಬಂದೇಬಿಟ್ಟಿತು. ಒರೆಸಿಕೊಳ್ಳಲಿಲ್ಲ. "ನಾನೂ ಏಳ್ತೀನಿ, ನೀವೂ ಏಳಿ. ಕೆಳಗೆ ಡಾಕ್ಟರ್ ಇದ್ದಾರೆ. ಚೀಟಿ ಗೀಟಿ ಏನಿಲ್ಲ, ನಾನೇ ಬರ್ತೀನಿ. ಕೈ ಬಿಡಲ್ಲ."

ಅವನು ಎದ್ದಾಗ ಕುರ್ಚಿ ಕಿರ್‍ರೆಂದಿತು. ಇಬ್ಬರೂ ಕೈ ಹಿಡಿದುಕೊಂಡು, ಶಾಲೆಗೆ ಹೊರಟ ಮಕ್ಕಳ ಹಾಗೆ, ಮೆಟ್ಟಿಲಿಳಿಯತೊಡಗಿದರು. ಅರ್ಧ ದಾರಿಯಲ್ಲಿ ಎದುರಾದವರು ಬೇರೆ ಯಾರೂ ಅಲ್ಲ, ಮೇಡಂ. ಫೋನಿನಲ್ಲಿ ಅಕ್ಕನ ಕರೆ ಕಂಡು ವಾಪಸು ಬಂದು, ಕಾವಲುಗಾರನನ್ನು ಕೇಳಿಕೊಂಡು ಮೇಲೆ ಬರುತ್ತಿದ್ದರು.

"ಏನ್ರೀ ಇದು? ಅಷ್ಟು ಹೇಳಿದ್ದೀನಿ, ನಿಯಮ ಗೊತ್ತಿಲ್ವಾ ನಿಮಗೆ?"

"ಇದು ಪರೀಕ್ಷೆ ಅಲ್ಲ ಮೇಡಂ," ಅಂದಳು ಅಕ್ಕ. ದನಿ ನಡುಗಿತು, ಮಾತು ನಡುಗಲಿಲ್ಲ. "ಅಣ್ಣನಿಗೆ ನಿಜವಾಗ್ಲೂ ಸಾಯಬೇಕು ಅನ್ನಿಸ್ತಾ ಇದೆ. ಡಾಕ್ಟರ ಹತ್ರ ಕರ್ಕೊಂಡು ಹೋಗ್ತಿದ್ದೀನಿ. ನಾನು ಹೇಳಿದ್ದು ಸರಿನಾ ಅಣ್ಣ?"

"ಸರಿ," ಅಂದ ಅವನು.

ಮೇಡಂ ಗೋಡೆ ಹಿಡಿದುಕೊಂಡರು. "ಅಣ್ಣ... ನಾನೇ ಭಲೇ ಅಂದೆನಲ್ಲ."

"ನಿಮ್ಮ ಕಣ್ಣಿಗೂ ಮಣ್ಣೆರಚಿದ್ನಲ್ಲ ಮೇಡಂ," ಅಂದ ಅವನು, ತುಟಿ ಓರೆ ಮಾಡಿ. "ಅಷ್ಟರ ಮಟ್ಟಿಗೆ ನಟ ಇನ್ನೂ ಸತ್ತಿಲ್ಲ."

"ಬಿಡ್ತು ಅನ್ನಿ ಅಣ್ಣ!" ಅಂತ ಅಕ್ಕನ ಬಾಯಿಂದ ಥೇಟ್ ಅವಳ ಅಮ್ಮನ ದನಿಯೇ ಹಾರಿಬಂತು.

ನಾಟಕದಣ್ಣ ಒಂದು ಕ್ಷಣ ಅವಳನ್ನು ನೋಡಿದ. "ಬಿಡ್ತು," ಅಂದ. ಅಂದು, ಅಲ್ಲೇ ಮೆಟ್ಟಿಲ ಮೇಲೆ ಕುಕ್ಕರಿಸಿ, ಬಿಕ್ಕಿ ಬಿಕ್ಕಿ ಅತ್ತ. ಮೇಡಂ ಅವನ ಇನ್ನೊಂದು ಪಕ್ಕದಲ್ಲಿ ಕೂತರು. ಅವನು ಅತ್ತು ಮುಗಿಸುವವರೆಗೆ ಮೂವರೂ ಹಾಗೇ ಕೂತಿದ್ದರು, ಹತ್ತಿ ಇಳಿಯುವವರು ಸುತ್ತಿಕೊಂಡು ಹೋಗುತ್ತಿದ್ದರು.

ಡಾಕ್ಟರು ಕಾಯುತ್ತಿದ್ದವರ ಕ್ಷಮೆ ಕೇಳಿ ಅವನನ್ನು ಒಳಗೆ ಕೂರಿಸಿಕೊಂಡರು. ಅವನ ಒಪ್ಪಿಗೆಯ ಮೇಲೆ ತಮ್ಮನಿಗೆ ಫೋನು ಹೋಯಿತು: ಅಣ್ಣನನ್ನು ಇವತ್ತು ಒಬ್ಬನೇ ಬಿಡುವ ಹಾಗಿಲ್ಲ, ನಿಮ್ಮ ಮನೆಗೇ ಕರೆದುಕೊಂಡು ಹೋಗಿ, ನಾಳೆ ನೀವೇ ಜೊತೆಗೆ ಬನ್ನಿ. ಹೊರಗೆ ಬೆಂಚಿನ ಮೇಲೆ ಅಕ್ಕನಿಗೆ ನಿಮಿಷ ಯುಗವಾಗಿತ್ತು. ತಮ್ಮ ಬರುತ್ತಾನೋ ಇಲ್ಲವೋ? ಒಳಗೆ ಅಣ್ಣ ಎಲ್ಲ ಹೇಳುತ್ತಿದ್ದಾನೋ, ಇಲ್ಲ ಮತ್ತೆ ನಟಿಸುತ್ತಿದ್ದಾನೋ? ಈ ಮನುಷ್ಯನದು ಯಾವುದು ಬಣ್ಣ, ಯಾವುದು ಮುಖ ಅಂತ ಇನ್ನು ಮೇಲೆ ಹೇಗೆ ಹೇಳುವುದು? ನಾಳೆಯ ಪರೀಕ್ಷೆಯ ಮಾತನ್ನು ಮೇಡಂ ಎತ್ತಲಿಲ್ಲ, ಅಕ್ಕನಿಗೆ ಅದು ನೆನಪೂ ಆಗಲಿಲ್ಲ.

ತಮ್ಮ ಬಂದ. ಹೆಲ್ಮೆಟ್ಟು ತೆಗೆಯುವುದನ್ನೂ ಮರೆತು ಒಳಗೇ ನುಗ್ಗಿದ. ಸ್ವಲ್ಪ ಹೊತ್ತಿಗೆ ಅಣ್ಣತಮ್ಮ ಇಬ್ಬರೂ ಹೊರಬಂದರು. ತಮ್ಮನ ಕೈಯಲ್ಲಿ ಮಾತ್ರೆಯ ಪೊಟ್ಟಣ, ಕಣ್ಣು ಕೆಂಪು. ಬಾಗಿಲ ತನಕ ಹೋದವರನ್ನು ಅಕ್ಕ ತಡೆಯಲಾರದೆ ಕರೆದಳು. ಕಟ್ಟಳೆ ಮುಗಿದಿರಲಿಲ್ಲ, ಅದನ್ನು ಮುಗಿಸದೆ ಅವಳಿಗೆ ಮನೆಗೆ ಹೋಗಲು ಧೈರ್ಯವಿರಲಿಲ್ಲ.

"ಅಣ್ಣ, ನಾಳೆ ಬೆಳಿಗ್ಗೆ ಏನು ಮಾಡ್ತೀರಿ?"

ಅವನು ನಿಂತ. ನೆಲ ನೋಡಿದ. ಆಮೇಲೆ ಅವನ ಕೈ ಮೆಲ್ಲಗೆ ತನ್ನ ಗದ್ದಕ್ಕೆ ಹೋಗಿ, ಬೆಳೆದಿದ್ದ ಬಿಳಿ ಗಡ್ಡವನ್ನು ಸವರಿತು. ಅದೇ ಕೈಯನ್ನು ಅಕ್ಕನ ಮುಂದೆ ಚಾಚಿದ.

"ಆ ಕನ್ನಡಿ ವಾಪಸ್ ಕೊಡಿ ಅಕ್ಕ," ಅಂದ. "ಗಡ್ಡ ಕೆರ್ಕೋಬೇಕು."

ಅಕ್ಕ ಬ್ಯಾಗಿಗೆ ಕೈ ಹಾಕಿ ತಡಕಾಡಿದಳು. ಇಪ್ಪತ್ತು ವರ್ಷ ಸೂಜಿ ಹಿಡಿದಾಗ ಒಮ್ಮೆಯೂ ಅಲುಗದಿದ್ದ ಕೈ, ಆ ಕನ್ನಡಿಯನ್ನು ಅವನ ಕೈಗಿಡುವಾಗ ಗಡಗಡ ನಡುಗುತ್ತಿತ್ತು.